ಕೊಳಗ ಮತ್ತು ಚೀಟಿ

ವರ್ಷಕ್ಕೊಮ್ಮೆ ಸಾಗರದ ಮೀನುಮಾರ್ಕೆಟ್ಟಿಗೆ ಹೋಗುತ್ತೇನೆ
ಹಿತ್ತಾಳೆ ಬಟ್ಟುಗಳ ಮರದ ಪೆಟ್ಟಿಗೆ ಹಿಡಿದು.
ನನ್ನ ಪೆಟ್ಟಿಗೆಯ ಕಿಲೋವನ್ನು ಬೆಂಗಳೂರಿನ ಕಿಲೋ ನೋಡಿದೆ,
ಅದನ್ನು ದೆಹಲಿಯ ಕಿಲೋ.
ನಾನು ಜೈನಾಬಿಯ ತಕ್ಕಡಿ ನೋಡುತ್ತೇನೆ.
ಸರಿಯಿದ್ದರೆ ದಂಡಿಯ ಸೀಸದ ಬಿಲ್ಲೆಗೆ ಅಚ್ಚಿಟ್ಟು
ಸುತ್ತಿಗೆಯಲ್ಲಿ ಒಂದೇ ಏಟು.
ಇಪ್ಪತ್ತೆರಡು ವರ್ಷದಲ್ಲಿ ಅದು ಒಮ್ಮೆಯೂ ಸುಳ್ಳಾಡಿಲ್ಲ.
ಆದರೂ ಹೋಗುತ್ತೇನೆ.
ಅವಳೂ ಬೇಜಾರು ಮಾಡಿಕೊಳ್ಳದೆ
ಮಂಜುಗಡ್ಡೆ ಸರಿಸಿ ಜಾಗ ಮಾಡಿಕೊಡುತ್ತಾಳೆ.

ಈ ಸಲ ಚುನಾವಣೆ ಡ್ಯೂಟಿ ಬಿತ್ತು.
ಉರ್ದು ಶಾಲೆಯ ಎರಡನೇ ಕೋಣೆ, ಗೋಡೆಯ ಮೇಲೆ ಮಗ್ಗಿ.
ಬೆಳಗಿನ ಜಾವ ಏಜೆಂಟರು ಆಕಳಿಸುತ್ತ
ಐವತ್ತು ಅಣಕು ಮತ ಒತ್ತಿದರು.
ಯಂತ್ರ ಹೇಳಿದ್ದೂ ಚೀಟಿ ಹೇಳಿದ್ದೂ ತಾಳೆಯಾಯಿತು.
ಆ ಚೀಟಿಗಳನ್ನು ಕಪ್ಪು ಲಕೋಟೆಗೆ ಹಾಕಿ
ಅರಗು ಕರಗಿಸಿದೆ. ಬೆರಳು ಸುಟ್ಟಿತು.
ನಿಜ ಹೇಳಬೇಕೆಂದರೆ ನನಗೆ ಖುಷಿಯಾದದ್ದು ಅಷ್ಟೇ ಹೊತ್ತು.

ಹತ್ತು ಗಂಟೆಗೆ ಜೈನಾಬಿ ಬಂದಳು.
ಶಾಯಿ ಹಚ್ಚಿಸಿಕೊಂಡು ರಟ್ಟಿನ ಮರೆಗೆ ಹೋದಳು. ಬೀಪ್ ಆಯಿತು.
ಆಮೇಲೂ ನಿಂತೇ ಇದ್ದಳು.
"ಅದೆಂತದೋ ಚೀಟಿ ಗಾಜಿನೊಳಗೆ ಬಂತು ಸಾರ್,
ಕಣ್ಣು ಕಿರಿದು ಮಾಡೋದ್ರೊಳಗೆ ಬಿದ್ದೇಹೋಯ್ತು.
ಕನ್ನಡಕ ಮನೇಲಿದೆ. ನಂಗೆ ಕೊಡಿ, ಮೊಮ್ಮಗಳ ಹತ್ರ ಓದಿಸ್ತೀನಿ."

ಆಗದು ಎಂದೆ. ಯಾಕೆಂದೂ ಹೇಳಿದೆ, ಮೆಲ್ಲಗೆ:
ಚೀಟಿ ಮನೆಗೆ ಹೋದರೆ
ರಾತ್ರಿ ಐನೂರು ಕೊಟ್ಟವನು ಬೆಳಿಗ್ಗೆ ಬಾಗಿಲಿಗೆ ಬರುತ್ತಾನೆ,
ತೋರಿಸು ಎಂದು.
ತಟ್ಟನೆ ಅರ್ಥವಾಯಿತು ಅವಳಿಗೆ.
"ಹಂಗಾರೆ ಪೆಟ್ಟಿಗೇಲೇ ಇರ್ಲಿ. ಎಣಿಸ್ತೀರಲ್ಲ?"

ಸಾಲಿನಲ್ಲಿ ಹಿಂದಿನವರು ಗೊಣಗುತ್ತಿದ್ದರು.
ಐದು ಬೂತಿನದು ಎಣಿಸ್ತಾರೆ ಎಂದೆ, ಇಡೀ ಕ್ಷೇತ್ರಕ್ಕೆ.
ಯಾವ ಐದು ಅಂತ ಚೀಟಿ ಎತ್ತಿ.
"ಚೀಟಿ ಎಣಿಸೋಕೆ ಚೀಟಿ ಎತ್ತೋದಾ?"
ಸೆರಗು ಬಾಯಿಗಿಟ್ಟು ನಕ್ಕಳು.
"ಮಾರ್ಕೆಟ್ಟಿಗೂ ಹಂಗೇ ಬನ್ನಿ ಸಾರ್.
ಐದು ತಕ್ಕಡಿ ನೋಡಿ, ಉಳಿದೋರಿಗೆ ಸಲಾಂ ಹೇಳಿ ಹೋಗಿ."

ರಾತ್ರಿ ಪೆಟ್ಟಿಗೆ ಒಪ್ಪಿಸುವ ಕ್ಯೂನಲ್ಲಿ ನಿಂತಾಗ
ಅಜ್ಜ ಕೆರಿಯಪ್ಪ ನೆನಪಾದ.
ಗೇಣಿ ಅಳೆಯುವ ಒಡೆಯರ ಕಣದಲ್ಲಿ ಎರಡು ಕೊಳಗ ಇದ್ದವಂತೆ,
ಕೊಡುವುದಕ್ಕೊಂದು, ತುಂಬಿಸಿಕೊಳ್ಳುವುದಕ್ಕೊಂದು.
ಹೊರಗಿಂದ ಎರಡೂ ಒಂದೇ ಮರ, ಒಂದೇ ಎಣ್ಣೆಗಪ್ಪು.
ಅಜ್ಜನಿಗೆ ಲೆಕ್ಕ ಬರುತ್ತಿರಲಿಲ್ಲ, ಅವನ ಬೆನ್ನಿಗೆ ಬರುತ್ತಿತ್ತು.
ಕಾಗೋಡಿನಲ್ಲಿ ಜನ ಎದ್ದು ನಿಂತಾಗ
ಮೊದಲು ಕೇಳಿದ್ದು ಇಷ್ಟೇ ಎನ್ನುತ್ತಿದ್ದ:
ಕೊಳಗ ಒಂದಿರಲಿ. ಎಲ್ಲರ ಮುಂದೆ ಅಳೆಯಲಿ.

ಯಂತ್ರ ಸುಳ್ಳಾಡುತ್ತದೆಂದು ನಾನು ಹೇಳುತ್ತಿಲ್ಲ.
(ಸರ್ಕಾರಿ ನೌಕರ, ಹೇಳುವಂತೆಯೂ ಇಲ್ಲ.)
ಜೈನಾಬಿ ಮೋಸಗಾತಿಯೆಂದೂ ಒಂದು ದಿನ ಅನ್ನಿಸಿದ್ದಿಲ್ಲ.
ಆದರೆ ತೂಕ ಹೆಚ್ಚು ತಪ್ಪುವುದು
ಎಲ್ಲರೂ ನಂಬುವ ಅಂಗಡಿಯಲ್ಲೇ.
ಯಾರೂ ನೋಡುವುದಿಲ್ಲವಲ್ಲ,
ಮುಳ್ಳಿನ ಬುಡಕ್ಕೆ ತುಕ್ಕು ಕೂರುತ್ತದೆ,
ತೂಗುವವಳಿಗೇ ಗೊತ್ತಾಗದ ಹಾಗೆ.

ಗಿರಾಕಿ ಇನ್ನೊಮ್ಮೆ ತೂಗು ಎಂದರೆ ಅವಳು ತೂಗುತ್ತಾಳೆ.
ನನ್ನ ಕೈಲಿದ್ದ ಫಾರಂನಲ್ಲಿ ಬೇರೆಯೇ ಇತ್ತು:
ಚೀಟಿ ತಪ್ಪು ಬಂತೆನ್ನುವವರು ಸಹಿ ಮಾಡಿ ಕೊಡಬೇಕು,
ಸುಳ್ಳೆಂದಾದರೆ ಶಿಕ್ಷೆ.
ಮೀನು ಕೊಳ್ಳುವವನಿಗೆ ಹೀಗಂದರೆ
ಯಾರು ತಾನೇ ಬಾಯಿ ಬಿಟ್ಟಾರು?
ಸುಮ್ಮನೆ ಚೀಲ ಹಿಡಿದು ಮನೆಗೆ ಹೋಗುತ್ತಾನೆ,
ದಾರಿಯುದ್ದಕ್ಕೂ ಕೈಯಲ್ಲೇ ತೂಗಿಕೊಳ್ಳುತ್ತ.

ಮುಂದಿನ ತಿಂಗಳು ಮಾರ್ಕೆಟ್ಟಿಗೆ ಹೋದೆ.
ಅವಳ ಬೆರಳಿನ ಶಾಯಿ ಉಗುರಿನ ತುದಿಗೆ ಸರಿದಿತ್ತು.
"ನಮ್ಮ ಬೂತು ಐದರಲ್ಲಿ ಬಂತಾ?"
ಇಲ್ಲ.
ಏನೂ ಹೇಳಲಿಲ್ಲ ಅವಳು. ಅಚ್ಚು ಬಿದ್ದ ಮೇಲೆ
ಕನ್ನಡಕ ಹಾಕಿಕೊಂಡು ಸೀಸದ ಅಂಕಿಗಳನ್ನು
ಒಂದೊಂದಾಗಿ ಓದಿದಳು.
"ಈ ವರ್ಷದ್ದೇ."
ನನಗೆ ಅರ್ಧ ಕಿಲೋ ಬಂಗುಡೆ ಹಾಕಿ
ತಕ್ಕಡಿಯನ್ನು ನನ್ನ ಕಡೆ ತಿರುಗಿಸಿ ಹಿಡಿದಳು.
ಮುಳ್ಳು ನಿಲ್ಲುವವರೆಗೂ ಇಬ್ಬರೂ ಮಾತಾಡಲಿಲ್ಲ.
ಏಳು ಸೆಕೆಂಡಿಗಿಂತ ಹೆಚ್ಚೇ ಆಯಿತು.